ರೈಟ್ ರೈಟ್ ಅನ್ನೋ ಪ್ರೋಟೀನು

ನಾಲ್ಕನೇ ಸೆಮ್‌ನಲ್ಲಿ ನಮಗೆಲ್ಲ ಒಂದು ಪೇಪರ್ ಇದೆ, ಬಯಾಲಜಿ ಫಾರ್ ಇಂಜಿನಿಯರ್ಸ್. ಕಂಪ್ಯೂಟರ್ ಸೈನ್ಸಿನವರಿಗೂ ಇದೆ, ಸಿವಿಲ್‌ನವರಿಗೂ ಇದೆ. ಪಿಯುಸಿಯಲ್ಲಿ ಬಯಾಲಜಿ ಬೇಡವೇ ಬೇಡ ಅಂತ ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ತಗೊಂಡು ಬಂದವರನ್ನ ಅದು ಇಲ್ಲಿಗೂ ಹುಡುಕ್ಕೊಂಡು ಬಂದಿದೆ. ಮಿದುಳು ಅಂದ್ರೆ ಸಿ.ಪಿ.ಯು., ಕಣ್ಣು ಅಂದ್ರೆ ಕ್ಯಾಮೆರಾ, ಹೃದಯ ಅಂದ್ರೆ ಪಂಪು, ಈ ಮೂರು ಉತ್ತರ ಬಾಯಿಪಾಠ ಮಾಡ್ಕೊಂಡ್ರೆ ಪಾಸಾಗಬಹುದು ಅಂತ ಸೀನಿಯರ್ಸ್ ಹೇಳಿಕೊಟ್ಟಿದ್ದಾರೆ. ನಾವೂ ಹಾಗೇ ಮಾಡೋ ಪ್ಲಾನಿನಲ್ಲಿ ಇದ್ವಿ.

ನಾವು ಅಂದ್ರೆ ನಾಲ್ಕು ಜನ. ಒಬ್ಬರು ರಾಮನಗರ, ಒಬ್ಬರು ಚನ್ನಪಟ್ಟಣ, ಒಬ್ಬರು ಕನಕಪುರ, ಒಬ್ಬರು ಮಾಗಡಿ. ನಾಲ್ಕೂ ಒಂದೇ ಜಿಲ್ಲೆ. 2007ರಲ್ಲಿ ರಾಮನಗರ ಜಿಲ್ಲೆ ಅಂತ ಆಯ್ತು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯ್ತು, ಊರಲ್ಲಿ ಎಲ್ಲರೂ ಇನ್ನೂ ರಾಮನಗರ ಅಂತಲೇ ಅಂತಾರೆ. ನಾಲ್ವರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಜೀನ್ ಅನ್ನೋದಕ್ಕೆ ಕನ್ನಡದಲ್ಲಿ ವಂಶವಾಹಿ ಅಂತಾರೆ ಅಂತ ಗೊತ್ತಾಗಿದ್ದೇ ಈ ಲೇಖನ ಬರೆಯೋಕೆ ಕೂತಾಗ. ಗೊತ್ತಾದ ಮೇಲೂ ಜೀನು ಅಂತಲೇ ಬರೀತಿದ್ದೀವಿ, ಬಾಯಿಗೆ ಬರೋದು ಅದೇ.

ಲೇಖನ ಪೂರ್ತಿ 'ನಾವು' ಅಂತಲೇ ಇರೋದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ನಾಲ್ಕು ಮನೆಗಳಲ್ಲಿ ಒಂದು ಮನೆಯ ಒಬ್ಬರಿಗೆ ಎಚ್.ಐ.ವಿ. ಇದೆ. ಯಾವ ಮನೆ, ಯಾವ ಊರು, ಅವರನ್ನ ನಾವು ಏನಂತ ಕರೀತೀವಿ, ಅದನ್ನ ಬರೆಯಲ್ಲ. 2017ರ ಎಚ್.ಐ.ವಿ. ಕಾಯ್ದೆ ಪ್ರಕಾರ ಒಬ್ಬರಿಗೆ ಈ ಸೋಂಕು ಇದೆ ಅಂತ ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡೋ ಹಾಗಿಲ್ಲ. ಕಾಯ್ದೆ ಇಲ್ಲದಿದ್ರೂ ಬರೀತಾ ಇರಲಿಲ್ಲ ಬಿಡಿ. ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಬರ್ಕೊಳ್ರಪ್ಪ. ಯಾರ ಮನೇದು ಅಂತ ಮಾತ್ರ ಗೊತ್ತಾಗಬಾರ್ದು." ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಊರಿನ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ ಮಾತ್ರೆ ತರೋರು ಅವರು. ಹತ್ತಿರದಲ್ಲಿ ಕ್ಯೂನಲ್ಲಿ ನಿಂತಿದ್ದನ್ನ ಯಾರಾದ್ರೂ ನೋಡಿದ್ರೆ ಅನ್ನೋ ಭಯ.

ಅವರು ಒಂದು ಪ್ರಶ್ನೆ ಕೇಳಿದ್ರು. ವೈರಲ್ ಲೋಡ್ ರಿಪೋರ್ಟಿನಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತ ಬಂದಿತ್ತು. ಓದಿ ಹೇಳಿದ್ದು ನಾವೇ. ರಕ್ತದಲ್ಲಿ ವೈರಸ್ಸು ಕಾಣ್ತಾ ಇಲ್ಲ ಅಂತ ಅರ್ಥ ಅಂದ್ವಿ. "ಕಾಣ್ತಿಲ್ಲ ಅಂದ್ರೆ ಹೋಯ್ತು ಅಂತ ತಾನೇ? ಮತ್ತೆ ಜೀವನಪೂರ್ತಿ ಮಾತ್ರೆ ಯಾಕೆ? ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಹೇಳಿ ನೋಡಣ." ಇಂಜಿನಿಯರಿಂಗಿಗೂ ಇದಕ್ಕೂ ಏನು ಸಂಬಂಧ ಅಂತ ನಾವು ಕೇಳಲಿಲ್ಲ. ಒಳ್ಳೇದಾಯ್ತು, ಯಾಕಂದ್ರೆ ಸಂಬಂಧ ಇದೆ.

ಮೊದಲು ಸೈಜ್ ನೋಡಿ. ಎಚ್.ಐ.ವಿ.ಯ ಪೂರ್ತಿ ಜೀನೋಮು ಸುಮಾರು 9,700 ಅಕ್ಷರ. ನಾಲ್ಕೇ ಬಗೆಯ ಅಕ್ಷರ ಆದ್ದರಿಂದ ಒಂದಕ್ಕೆ ಎರಡು ಬಿಟ್ ಸಾಕು. ಲೆಕ್ಕ ಹಾಕಿದ್ರೆ ಸುಮಾರು 2.4 ಕಿಲೋಬೈಟ್. ಮನುಷ್ಯನದು 320 ಕೋಟಿ ಅಕ್ಷರ, 800 ಮೆಗಾಬೈಟ್. ನಮ್ಮ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಪ್ರೋಗ್ರಾಮುಗಳೇ 2.4 ಕೆ.ಬಿ.ಗಿಂತ ದೊಡ್ಡದಿರುತ್ತವೆ, ಕೆಲಸ ಮಾಡಲ್ಲ ಅನ್ನೋದು ಬೇರೆ ಮಾತು. ಈ ವೈರಸ್ಸಿನಲ್ಲಿ ಟ್ಯಾಟ್ ಅಂತ ಒಂದು ಪ್ರೋಟೀನ್ ಇದೆ. ಹೆಚ್ಚಿನ ತಳಿಗಳಲ್ಲಿ 101 ಅಮೈನೋ ಆಮ್ಲ, ಅಂದ್ರೆ 303 ಅಕ್ಷರ, 76 ಬೈಟು. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟ್ ಬೇಕು. ಅರ್ಧ ಎಸ್ಸೆಮ್ಮೆಸ್ಸಿನಷ್ಟು ಮಾಹಿತಿ ಇಟ್ಕೊಂಡು ಇದು ನಮ್ಮ ರೋಗನಿರೋಧಕ ಕೋಶದ 800 ಎಂ.ಬಿ. ಸಿಸ್ಟಮ್ಮನ್ನ ತನಗೆ ಬೇಕಾದ ಹಾಗೆ ಓಡಿಸುತ್ತೆ.

ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನ ಹೇಗೆ ಆಡಿಸುತ್ತೆ ಅಂತ ನಂಬಿಕೆ ಬರದಿದ್ರೆ ನಮ್ಮ ಜಿಲ್ಲೆಯ ಯಾವುದಾದ್ರೂ ಹುಳುಮನೆಗೆ ಬನ್ನಿ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟು ಏಷ್ಯಾದಲ್ಲೇ ದೊಡ್ಡದು ಅಂತಾರೆ. ಆ ಗೂಡು ಬರೋದು ಸುತ್ತಮುತ್ತಲ ಹಳ್ಳಿಗಳ ಹುಳುಮನೆಗಳಿಂದ. ಅಲ್ಲಿ ಎಲ್ಲರೂ ಹೆದರೋ ಕಾಯಿಲೆ ಹಾಲುತೊಂಡೆ. ಹುಳದ ಗೆಣ್ಣು ಗೆಣ್ಣು ಊದಿಕೊಳ್ಳುತ್ತೆ, ಚರ್ಮ ಮಿರಮಿರ ಅನ್ನುತ್ತೆ, ಮುಟ್ಟಿದ್ರೆ ಒಡೆದು ಹಾಲಿನಂಥ ನೀರು ಬರುತ್ತೆ. ಅದು ವೈರಸ್ ಕಾಯಿಲೆ. ಕಾಯಿಲೆ ಬಿದ್ದ ಹುಳ ಸುಮ್ಮನೆ ಒಂದು ಕಡೆ ಬಿದ್ದಿರಲ್ಲ. ಸೊಪ್ಪು ಬಿಟ್ಟು, ನಿಲ್ಲದೆ ತಟ್ಟೆಯ ಅಂಚಿಗೆಲ್ಲ ಓಡಾಡುತ್ತೆ. ಜ್ವರಕ್ಕೂ ಸರಿಯಾಗಿ ಹೋಗಲ್ಲ. (ಪೇಟೆಯವರಿಗೆ: ಜ್ವರ ಅಂದ್ರೆ ಇಲ್ಲಿ ಕಾಯಿಲೆ ಅಲ್ಲ. ಹುಳ ಪೊರೆ ಬಿಡೋಕೆ ಮುಂಚೆ ತಿನ್ನೋದು ನಿಲ್ಲಿಸಿ ತಲೆ ಎತ್ತಿ ಮಲಗುತ್ತಲ್ಲ, ಅದಕ್ಕೆ ಜ್ವರ ಅಂತಾರೆ. ನಾಲ್ಕು ಜ್ವರ ಮುಗಿಸಿದ ಹುಳ ಹಣ್ಣಾಗಿ ಚಂದ್ರಂಕಿ ಹತ್ತಿ ಗೂಡು ಕಟ್ಟುತ್ತೆ.)

ಈ ಓಡಾಟವನ್ನ ಹುಳ ಸಾಕೋರು ತಲೆಮಾರಿನಿಂದ ನೋಡಿದ್ದಾರೆ. ಅದರ ಹಿಂದಿನ ಜೀನು ಸಿಕ್ಕಿದ್ದು ತೀರಾ ಇತ್ತೀಚೆಗೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೇಷ್ಮೆಹುಳದ ಈ ವೈರಸ್ಸಿನಿಂದ ಒಂದೇ ಒಂದು ಜೀನು ತೆಗೆದು ಹುಳಗಳಿಗೆ ಹಾಕಿದ್ರು. ಕಾಯಿಲೆ ಬಂತು, ಆ ಹುಚ್ಚು ಓಡಾಟ ಬರಲಿಲ್ಲ. ಪೊರೆ ಬಿಡದೇ ಇರೋದಕ್ಕೂ ಇಂಥದ್ದೇ ಕಥೆ. ಇದೇ ಜಾತಿಯ ಇನ್ನೊಂದು ವೈರಸ್ಸು, ಪೊರೆ ಬಿಡಿಸೋ ಹಾರ್ಮೋನಿಗೆ ಸಕ್ಕರೆ ಅಂಟಿಸಿ ಕೆಲಸಕ್ಕೆ ಬಾರದ ಹಾಗೆ ಮಾಡೋ ಪ್ರೋಟೀನನ್ನ ಇಟ್ಕೊಂಡಿದೆ ಅಂತ 1989ರಲ್ಲಿ ತೋರಿಸಿದ್ರು. ಹುಳ ಪೊರೆ ಬಿಡೋದರ ಬದಲು ತಿಂತಾನೇ ಇರುತ್ತೆ, ವೈರಸ್ಸಿಗೆ ಅಷ್ಟು ಹೆಚ್ಚು ಮೈ ಸಿಗುತ್ತೆ. ವೈರಸ್ಸು ಹುಳವನ್ನ ಕೊಲ್ಲುತ್ತೆ ಅನ್ನೋದು ಅರ್ಧ ಮಾತು. ಕೊಲ್ಲೋಕೆ ಮುಂಚೆ ಹುಳದ ಕೈಲೇ ತನ್ನ ಕೆಲಸ ಮಾಡಿಸ್ಕೊಳ್ಳುತ್ತೆ.

ಎಚ್.ಐ.ವಿ. ಮಾಡೋದೂ ಅದನ್ನೇ, ಆದ್ರೆ ಇಡೀ ಮನುಷ್ಯನಲ್ಲಲ್ಲ, ಒಂದು ಕೋಶದೊಳಗೆ. ಅದು ಮುಖ್ಯವಾಗಿ ಹಿಡಿಯೋದು ಸಿ.ಡಿ.4 ಟಿ ಕೋಶಗಳನ್ನ. ಇವು ಬೇರೆ ರೋಗನಿರೋಧಕ ಕೋಶಗಳಿಗೆ ಆರ್ಡರ್ ಕೊಡೋ ಕೋಶಗಳು. ವೈರಸ್ಸು ಒಳಗೆ ಹೋಗಿ ತನ್ನ ಆರ್.ಎನ್.ಎ.ಯನ್ನ ಡಿ.ಎನ್.ಎ.ಗೆ ಕಾಪಿ ಮಾಡಿ ನಮ್ಮ ಡಿ.ಎನ್.ಎ. ಮಧ್ಯದಲ್ಲೇ ಹೊಲಿದುಬಿಡುತ್ತೆ. ಅಲ್ಲಿಂದ ಮುಂದೆ ಅದು ನಮ್ಮ ಸುಮಾರು 20,000 ಜೀನುಗಳ ಜೊತೆ ಇನ್ನೊಂದಿಷ್ಟು ಜೀನು, ಅಷ್ಟೇ. ಮೂಗಿನ ಚರ್ಮದಲ್ಲೂ ಟಿ ಕೋಶದಲ್ಲೂ ಇರೋದು ಒಂದೇ ಡಿ.ಎನ್.ಎ. ಯಾವ ಜೀನು ಓಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದರಲ್ಲೇ ಎಲ್ಲ ವ್ಯತ್ಯಾಸ. ಜೀನ್ ರೆಗ್ಯುಲೇಷನ್ ಅಂದ್ರೆ ಅದೇ.

ಜೀನು ಓಡೋದು ಅಂದ್ರೆ ಏನು? ಆರ್.ಎನ್.ಎ. ಪಾಲಿಮರೇಸ್ ಅನ್ನೋ ಯಂತ್ರ ಡಿ.ಎನ್.ಎ. ಮೇಲೆ ಕೂತು, ಉದ್ದಕ್ಕೂ ಓಡ್ತಾ ಅದರ ಆರ್.ಎನ್.ಎ. ಪ್ರತಿ ತೆಗೆಯೋದು. ಸ್ವಿಚ್ ಹಾಕಿದ್ರೆ ಓಡುತ್ತೆ, ತೆಗೆದ್ರೆ ನಿಲ್ಲುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ನಿಜದಲ್ಲಿ ನಡೆಯೋದು ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ನಡೆಯೋ ಹಾಗೆ. (ರಾಮನಗರ, ಚನ್ನಪಟ್ಟಣದವರಿಗೆ ಟ್ರೈನೂ ಇದೆ. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಹಾಗಾಗಿ ಉದಾಹರಣೆ ಬಸ್ಸಿಂದೇ ಇರಲಿ ಅಂತ ಅವರಿಬ್ಬರ ಹಠ.) ಬಸ್ಸು ಪ್ಲಾಟ್‌ಫಾರ್ಮ್ ಬಿಡುತ್ತೆ, ನಾವು ಖುಷಿಯಾಗ್ತೀವಿ, ಗೇಟಿನ ಹತ್ತಿರ ಬಂದು ಮತ್ತೆ ನಿಲ್ಲುತ್ತೆ. ಇಂಜಿನ್ ಆನ್ ಇದೆ, ಡ್ರೈವರ್ ಸೀಟಲ್ಲಿದ್ದಾರೆ, ಬಸ್ಸು ಹೋಗ್ತಾ ಇಲ್ಲ. ಕಂಡಕ್ಟರ್ ಬರಬೇಕು, ಬಾಗಿಲು ಎಳ್ಕೊಂಡು ರೈಟ್ ರೈಟ್ ಅನ್ನಬೇಕು, ಆಗ ಹೊರಡುತ್ತೆ. ಪಾಲಿಮರೇಸೂ ಎಷ್ಟೋ ಜೀನುಗಳಲ್ಲಿ ಮೊದಲ 20ರಿಂದ 60 ಅಕ್ಷರ ಓಡಿ ಹೀಗೇ ನಿಂತಿರುತ್ತೆ. ಅದನ್ನ ತಡೆದು ಹಿಡಿದಿರೋ ಪ್ರೋಟೀನುಗಳಿವೆ. ಆ ಬ್ರೇಕು ಬಿಡಿಸೋ ಕಂಡಕ್ಟರ್ ಹೆಸರು ಪಿ-ಟೆಫ್-ಬಿ. ಇದು ಎರಡು ಪ್ರೋಟೀನುಗಳ ಜೋಡಿ, ಸೈಕ್ಲಿನ್ ಟಿ1 ಮತ್ತು ಸಿ.ಡಿ.ಕೆ.9. ಇವು ಬ್ರೇಕಿಗೂ ಪಾಲಿಮರೇಸಿನ ಬಾಲಕ್ಕೂ ಫಾಸ್ಫೇಟ್ ಅಂಟಿಸಿದ ಕೂಡಲೇ ಗಾಡಿ ಹೊರಡುತ್ತೆ. ಕೋಶದಲ್ಲಿ ಈ ಕಂಡಕ್ಟರುಗಳಲ್ಲಿ ಬಹಳ ಜನ ಯಾವಾಗಲೂ ರೆಸ್ಟ್ ರೂಮಿನಲ್ಲಿ ಕೂತಿರ್ತಾರೆ. 7ಎಸ್‌ಕೆ ಅನ್ನೋ ಒಂದು ಆರ್.ಎನ್.ಎ. ಅವರನ್ನ ಹಿಡಿದಿಟ್ಟಿರುತ್ತೆ, ಬೇಕಾದಾಗ ಮಾತ್ರ ಬಿಡುತ್ತೆ. ಕೋಶ ಎಲ್ಲ ಬಸ್ಸನ್ನೂ ಒಟ್ಟಿಗೆ ಬಿಡೋ ಹಾಗಿಲ್ಲವಲ್ಲ.

ಎಚ್.ಐ.ವಿ.ಯ ಬಸ್ಸೂ ಗೇಟಿನಲ್ಲೇ ನಿಲ್ಲುತ್ತೆ. ಟ್ಯಾಟ್ ಇಲ್ಲದಿದ್ರೆ ಪಾಲಿಮರೇಸು ವೈರಸ್ಸಿನ ಮೊದಲ ಚೂರನ್ನಷ್ಟೇ ಬರೆದು ನಿಲ್ಲುತ್ತೆ. ಅಪ್ಪಿತಪ್ಪಿ ಎಲ್ಲೋ ಒಂದೆರಡು ಪೂರ್ತಿ ಓಡುತ್ತವೆ. ಆ ಒಂದೆರಡರಿಂದ ಸ್ವಲ್ಪ ಟ್ಯಾಟ್ ತಯಾರಾಗುತ್ತೆ, ಆಟ ಶುರುವಾಗೋದೇ ಅಲ್ಲಿ. ವೈರಸ್ಸಿನ ಆರ್.ಎನ್.ಎ.ಯ ಮೊದಲ 59 ಅಕ್ಷರ ಹೇರ್‌ಪಿನ್ ಥರ ಮಡಿಚಿಕೊಂಡಿರುತ್ತೆ. ಟಾರ್ ಅಂತ ಅದರ ಹೆಸರು. ಟ್ಯಾಟು ರೆಸ್ಟ್ ರೂಮಿನಿಂದ ಕಂಡಕ್ಟರನ್ನ ಎಬ್ಬಿಸ್ಕೊಂಡು ಬಂದು ಈ ಹೇರ್‌ಪಿನ್ ಮೇಲೆ ಕೂರಿಸುತ್ತೆ, ಅಂದ್ರೆ ನಿಂತಿರೋ ಪಾಲಿಮರೇಸಿನ ಪಕ್ಕದಲ್ಲೇ. ರೈಟ್ ರೈಟ್. ಟ್ಯಾಟ್ ತನ್ನದೇ ಇಂಜಿನ್ ತಂದಿಲ್ಲ, ಡ್ರೈವರ್ ತಂದಿಲ್ಲ, ಡೀಸೆಲ್ ತಂದಿಲ್ಲ. ನಮ್ಮ ಕಂಡಕ್ಟರನ್ನ ಕೈಹಿಡಿದು ಕರ್ಕೊಂಡು ಬಂದಿದ್ದಷ್ಟೇ ಅದರ ಕೆಲಸ.

ಟ್ಯಾಟ್ ಜೀನನ್ನ ಕಂಡುಹಿಡಿದಿದ್ದು 1985ರಲ್ಲಿ. ಕಂಡಕ್ಟರ್ ಯಾರು ಅಂತ ಗೊತ್ತಾಗೋಕೆ ಇನ್ನೂ ಹದಿಮೂರು ವರ್ಷ ಹಿಡೀತು. 1998ರಲ್ಲಿ ಸೈಕ್ಲಿನ್ ಟಿ1 ಸಿಕ್ಕಿತು, ಅದರ ಜೊತೆ ಒಂದು ಹಳೇ ಒಗಟೂ ಬಿಡಿಸಿತು. ಇಲಿಯ ಕೋಶದಲ್ಲಿ ಟ್ಯಾಟ್ ಸರಿಯಾಗಿ ಕೆಲಸ ಮಾಡಲ್ಲ, ಯಾಕೆ? ಮನುಷ್ಯನ ಸೈಕ್ಲಿನ್ ಟಿ1ನಲ್ಲಿ 726 ಅಮೈನೋ ಆಮ್ಲ ಇವೆ. ಅದರಲ್ಲಿ 261ನೇದು ನಮ್ಮಲ್ಲಿ ಸಿಸ್ಟೀನ್, ಇಲಿಯಲ್ಲಿ ಟೈರೋಸಿನ್. ಅದೊಂದು ಜಾಗ ಬದಲಾಯಿಸಿದ್ರೆ ಇಲಿಯ ಪ್ರೋಟೀನೂ ಟ್ಯಾಟ್ ಮಾತು ಕೇಳುತ್ತೆ. ಒಂದು ಸೆಮಿಕೋಲನ್ ಬಿಟ್ಟು ಇಡೀ ರಾತ್ರಿ ಡೀಬಗ್ ಮಾಡಿದವರಿಗೆ ಇದು ಆಶ್ಚರ್ಯ ಅನ್ನಿಸಲ್ಲ.

ಈಗ ಪ್ರಶ್ನೆಗೆ ಹತ್ತಿರ ಬಂದ್ವಿ. ಟ್ಯಾಟ್ ಓಡಿಸೋದು ವೈರಸ್ಸಿನ ಜೀನುಗಳನ್ನ. ಅದರಲ್ಲಿ ಟ್ಯಾಟ್ ಜೀನೂ ಒಂದು. ಅಂದ್ರೆ ಟ್ಯಾಟ್ ಹೆಚ್ಚಾದಷ್ಟೂ ಟ್ಯಾಟ್ ಹೆಚ್ಚುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್. ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡ್ಕೊಂಡು ಸ್ಪೀಕರ್ ಮುಂದೆ ಹೋದ್ರೆ ಕುಂಯ್ ಅನ್ನುತ್ತಲ್ಲ, ಅದೇ ಸರ್ಕ್ಯೂಟು. ಸ್ವಲ್ಪ ದೂರ ಇದ್ರೆ ಏನೂ ಆಗಲ್ಲ. ಒಂದು ಹಂತ ದಾಟಿದ್ರೆ ಕಿವಿ ಮುಚ್ಚಿಕೊಳ್ಳಬೇಕು. ಆ ಗಡಿಯಲ್ಲೇ ನಿಂತಿದ್ರೆ? ಯಾರೋ ಕೆಮ್ಮಿದ್ರೆ ಕೂಗುತ್ತೆ, ಇಲ್ಲದಿದ್ರೆ ಇಲ್ಲ.

2005ರಲ್ಲಿ ಲಿಯೋರ್ ವೈನ್‌ಬರ್ಗರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನೇ ಮಾಡಿ ನೋಡಿದ್ರು. ವೈರಸ್ಸಿನ ಬೇರೆಲ್ಲ ಭಾಗ ಬಿಟ್ಟು ಟ್ಯಾಟಿನ ಈ ಫೀಡ್‌ಬ್ಯಾಕ್ ಲೂಪನ್ನಷ್ಟೇ, ಹಸಿರಾಗಿ ಹೊಳೆಯೋ ಒಂದು ಪ್ರೋಟೀನಿನ ಜೊತೆ ಟಿ ಕೋಶಗಳಿಗೆ ಹಾಕಿದ್ರು. ಒಂದೇ ಕೋಶದಿಂದ ಬೆಳೆಸಿದ, ಒಂದೇ ಡಿ.ಎನ್.ಎ. ಇರೋ ಕೋಶಗಳಲ್ಲೂ ಕೆಲವು ಹೊಳೆದವು, ಕೆಲವು ಆರಿಹೋದವು. ಸರ್ಕ್ಯೂಟ್ ಒಂದೇ, ಔಟ್‌ಪುಟ್ ಎರಡು. ಕಾರಣ ನಾಯ್ಸ್. ಒಂದು ಕೋಶದಲ್ಲಿ ಶುರುವಿನಲ್ಲಿ ಹತ್ತು ಟ್ಯಾಟ್ ಹುಟ್ಟಿತೋ ಎರಡು ಹುಟ್ಟಿತೋ ಅನ್ನೋ ಅದೃಷ್ಟ. ನಮ್ಮ ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ ನಾಯ್ಸ್ ಅಂದ್ರೆ ಫಿಲ್ಟರ್ ಹಾಕಿ ತೆಗೆಯಬೇಕಾದ ಕಸ. ಈ ವೈರಸ್ಸಿಗೆ ನಾಯ್ಸೇ ಬಂಡವಾಳ.

ಆರಿಹೋದ ಕೋಶಗಳೇ ಅವರ ಪ್ರಶ್ನೆಗೆ ಉತ್ತರ. ಎಚ್.ಐ.ವಿ. ಹೊಕ್ಕ ಕೋಶಗಳಲ್ಲಿ ಹೆಚ್ಚಿನವು ವೈರಸ್ ಉತ್ಪಾದಿಸಿ ಬೇಗ ಸಾಯುತ್ತವೆ. ಕೆಲವು ಮಾತ್ರ ವಿಶ್ರಾಂತಿಗೆ ಹೋಗುತ್ತವೆ. ನೆನಪಿನ ಕೋಶಗಳು ಅಂತಾರೆ, ಸಿಡುಬಿನಂಥ ಹಳೇ ಕಾಯಿಲೆಗಳ ನೆನಪನ್ನ ಹತ್ತಾರು ವರ್ಷ ಇಟ್ಕೊಳ್ಳೋ ಕೋಶಗಳಿವು. ವಿಶ್ರಾಂತಿಯಲ್ಲಿರೋ ಕೋಶದಲ್ಲಿ ಕಂಡಕ್ಟರುಗಳು ಕಡಿಮೆ, ಟ್ಯಾಟ್ ಇಲ್ಲ, ಬಸ್ಸು ಗೇಟಿನಲ್ಲೇ ನಿಂತಿದೆ. ಈ ಮಾತ್ರೆ ಅದನ್ನ ಮುಟ್ಟೋಕಾಗಲ್ಲ. ಅವರು ರಾತ್ರಿ ತಗೊಳ್ಳೋ ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಇವೆ: ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಮೊದಲೆರಡು ವೈರಸ್ಸಿನ ಆರ್.ಎನ್.ಎ.ಯನ್ನ ಡಿ.ಎನ್.ಎ. ಮಾಡೋದನ್ನ ತಡೆಯುತ್ತವೆ, ಮೂರನೇದು ಹೊಲಿಯೋದನ್ನ. ಹೊಸ ಕೋಶಕ್ಕೆ ಹೋಗೋ ದಾರಿ ಮುಚ್ಚುತ್ತೆ. ಈಗಾಗಲೇ ಹೊಲಿದಿರೋದನ್ನ ಬಿಚ್ಚಲ್ಲ. ಟ್ಯಾಟನ್ನ ತಡೆಯೋ ಒಂದೂ ಔಷಧಿ ಇವತ್ತು ರೋಗಿಗಳಿಗೆ ಸಿಗ್ತಿಲ್ಲ.

ಇಂಥ ಮಲಗಿರೋ ಕೋಶಗಳು ಎಷ್ಟು? ವಿಶ್ರಾಂತಿಯಲ್ಲಿರೋ ಸಿ.ಡಿ.4 ಕೋಶಗಳಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು. ಇಡೀ ದೇಹದಲ್ಲಿ ಸುಮಾರು ಹತ್ತು ಲಕ್ಷ ಅಂತ ಇಟ್ಕೊಳ್ಳಿ. ಮಾತ್ರೆ ತಪ್ಪದೆ ತಗೊಂಡವರಲ್ಲಿ ಇವು ಅರ್ಧಕ್ಕೆ ಇಳಿಯೋಕೆ ಸುಮಾರು 44 ತಿಂಗಳು ಬೇಕು ಅಂತ ಅಮೆರಿಕದ ಜಾನ್ಸ್ ಹಾಪ್ಕಿನ್ಸಿನ ಸಿಲಿಸಿಯಾನೋ ತಂಡ ಅಳೆದು ಹೇಳಿದೆ. ಹತ್ತು ಲಕ್ಷ ಅಂದ್ರೆ ಹತ್ತಿರ ಹತ್ತಿರ ಎರಡರ 20ನೇ ಘಾತ. ಇಪ್ಪತ್ತು ಸಲ ಅರ್ಧ ಆಗಬೇಕು. 20 ಗುಣಿಸು 44, 880 ತಿಂಗಳು. 73 ವರ್ಷ.

ಈ ಲೆಕ್ಕವನ್ನ ಕಿರಾಣಿ ಅಂಗಡಿ ಚೀಟಿಯ ಹಿಂದೆ ಬರೆದು ತೋರಿಸಿದ್ವಿ. ಅವರು ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಹೋಗಿಲ್ಲ, ಮಲಗದೆ," ಅಂದ್ರು. ಹೌದು ಅಂದ್ವಿ. "ಹುಳ ಜ್ವರಕ್ಕೆ ಹೋದಂಗೆ." ಬಸ್ಸಿನ ಉದಾಹರಣೆಗಿಂತ ಇದೇ ಚೆನ್ನಾಗಿತ್ತು. ಜ್ವರಕ್ಕೆ ಹೋದ ಹುಳ ಸತ್ತ ಹುಳದ ಥರವೇ ಕಾಣುತ್ತೆ, ಎದ್ದ ಮೇಲೆ ಮೊದಲಿಗಿಂತ ಜಾಸ್ತಿ ತಿನ್ನುತ್ತೆ. ಮಾತ್ರೆ ನಿಲ್ಲಿಸಿದ್ರೆ ಬಹುತೇಕರಲ್ಲಿ ಕೆಲವೇ ವಾರದಲ್ಲಿ ವೈರಸ್ಸು ಮತ್ತೆ ರಕ್ತದಲ್ಲಿ ಕಾಣಿಸುತ್ತೆ. ಮಧ್ಯೆ ಮಧ್ಯೆ ನಿಲ್ಲಿಸಿ ಶುರು ಮಾಡಿದ್ರೆ ಏನಾಗುತ್ತೆ ಅಂತ ನೋಡೋಕೆ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಸ್ಮಾರ್ಟ್ ಅನ್ನೋ ಟ್ರಯಲ್ ನಡೆದಿತ್ತು. 2006ರಲ್ಲಿ ಫಲಿತಾಂಶ ಬಂತು: ನಿಲ್ಲಿಸಿ ನಿಲ್ಲಿಸಿ ತಗೊಂಡವರಲ್ಲಿ ಕಾಯಿಲೆಯೂ ಸಾವೂ ಹೆಚ್ಚು. ಇದನ್ನ ಅವರಿಗೆ ನೇರವಾಗಿ ಹೇಳಿದ್ವಿ. ರಿಪೋರ್ಟಿನಲ್ಲಿ ಕಾಣದೇ ಇರೋದರ ನಿಜವಾದ ಲಾಭವನ್ನೂ ಹೇಳಿದ್ವಿ. ಮಾತ್ರೆ ತಪ್ಪದೆ ತಗೊಂಡು ವೈರಸ್ ಕಾಣದ ಹಾಗೆ ಇಟ್ಕೊಂಡವರಿಂದ ಲೈಂಗಿಕ ಸಂಪರ್ಕದಲ್ಲೂ ಇನ್ನೊಬ್ಬರಿಗೆ ಹರಡಲ್ಲ. ಲೋಟ ತಟ್ಟೆಯಿಂದ ಹರಡೋದಂತೂ ಯಾವತ್ತೂ ಇಲ್ಲ. ಆ ಮನೆಯಲ್ಲಿ ಒಂದು ಸ್ಟೀಲ್ ಲೋಟ ಬಹಳ ವರ್ಷದಿಂದ ಬೇರೆ ಶೆಲ್ಫಿನಲ್ಲಿ ಇರುತ್ತೆ. ಅದರ ಬಗ್ಗೆ ಇಷ್ಟೇ ಬರೀತೀವಿ.

ಟ್ಯಾಟು ವೈರಸ್ಸಿನ ಬಸ್ಸನ್ನ ಮಾತ್ರ ಓಡಿಸಿ ಸುಮ್ಮನಿದ್ದಿದ್ರೆ ಕಥೆ ಇಲ್ಲಿಗೆ ಮುಗೀತಿತ್ತು. ಅದು ನಮ್ಮ ಜೀನುಗಳಿಗೂ ಕೈ ಹಾಕುತ್ತೆ. ಟೆಕ್ಸಾಸಿನ ಇವಾನ್ ಡಿ'ಓರ್ಸೋ ತಂಡ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಟಿ ಕೋಶಗಳಿಗೆ ವೈರಸ್ ಹಾಕದೆ ಬರೀ ಟ್ಯಾಟ್ ಹಾಕಿ, ಅದು ಡಿ.ಎನ್.ಎ. ಮೇಲೆ ಎಲ್ಲೆಲ್ಲಿ ಹೋಗಿ ಕೂರುತ್ತೆ, ಕೂತಲ್ಲಿ ಏನಾಗುತ್ತೆ ಅಂತ ಜೀನೋಮ್ ಉದ್ದಕ್ಕೂ ನೋಡಿದ್ರು. ಕೆಲವು ಜೀನುಗಳು ಜೋರಾದವು, ಕೆಲವು ತಣ್ಣಗಾದವು. ನಮಗೆ ಬಹಳ ಹಿಡಿಸಿದ್ದು ವಿಧಾನ ಒಂದೇ ಅಲ್ಲ ಅನ್ನೋದು. ಕೆಲವು ಕಡೆ ಪಾಲಿಮರೇಸು ಬಂದು ಕೂರೋದೇ ಹೆಚ್ಚುತ್ತೆ, ಕೆಲವು ಕಡೆ ಆಗಲೇ ಬಂದು ನಿಂತಿರೋದು ಹೊರಡುತ್ತೆ, ಇನ್ನು ಕೆಲವು ಕಡೆ ಶುರುವೇ ಆಗದ ಹಾಗೆ ತಡೆ ಬೀಳುತ್ತೆ. ವೈರಸ್ಸಿನ ಆರ್.ಎನ್.ಎ.ಯಲ್ಲಿರೋ ಆ ಹೇರ್‌ಪಿನ್ ನಮ್ಮ ಜೀನುಗಳಲ್ಲಿಲ್ಲ. ಅಲ್ಲಿಗೆ ತಲುಪೋಕೆ ಟ್ಯಾಟು ಆ ಜೀನುಗಳ ಮೇಲೆ ಮೊದಲೇ ಇರೋ ನಮ್ಮದೇ ಪ್ರೋಟೀನುಗಳನ್ನ ಹಿಡ್ಕೊಳ್ಳುತ್ತೆ.

ಇನ್ನೊಂದು ವಿಚಿತ್ರ 1988ರಲ್ಲೇ ಎರಡು ಬೇರೆ ಬೇರೆ ಲ್ಯಾಬುಗಳಿಗೆ ಗೊತ್ತಾಗಿತ್ತು. ಟ್ಯಾಟನ್ನ ಕೋಶಗಳ ಹೊರಗೆ, ನೀರಿನಲ್ಲಿ ಸುಮ್ಮನೆ ಹಾಕಿದ್ರೂ ಅದು ತಾನಾಗೇ ಒಳಗೆ ಹೋಗಿ ಕೆಲಸ ಶುರು ಮಾಡುತ್ತೆ. ಸೋಂಕಿರೋ ಕೋಶದಿಂದ ಹೊರಗೆ ಬಂದ ಟ್ಯಾಟು ಸೋಂಕಿಲ್ಲದ ಪಕ್ಕದ ಕೋಶವನ್ನೂ ಕೆಣಕಬಹುದು ಅಂತ ಅರ್ಥ. ಹೊಲಿದು ಕೂತಿರೋ ವೈರಸ್ಸಿನಿಂದ ಟ್ಯಾಟ್ ತಯಾರಾಗೋದನ್ನ ಈಗಿನ ಮಾತ್ರೆಗಳು ತಡೆಯಲ್ಲ. ವೈರಸ್ ಲೆಕ್ಕ ಸೊನ್ನೆಗೆ ಬಂದವರಲ್ಲೂ ದೇಹದೊಳಗೆ ಸಣ್ಣ ಉರಿಯೂತ ಉಳಿಯೋದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನೋ ಸಂಶೋಧಕರಿದ್ದಾರೆ.

ಇಲ್ಲಿಯವರೆಗೆ ಬರೆದಿದ್ದರಲ್ಲಿ ಬಹುಪಾಲು ಅಮೆರಿಕದ ಲ್ಯಾಬುಗಳ ಕಥೆ. ಅವರು ಹೆಚ್ಚಾಗಿ ನೋಡಿದ್ದು ಬಿ ಅನ್ನೋ ಉಪತಳಿಯ ಎಚ್.ಐ.ವಿ. ಅಮೆರಿಕ, ಯುರೋಪಿನಲ್ಲಿ ಹೆಚ್ಚಿರೋದು ಅದು. ಭಾರತದಲ್ಲಿ ಎಚ್.ಐ.ವಿ. ಇದೆ ಅಂತ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಕೆಲಸದಿಂದ. ಇಲ್ಲಿ ಹರಡಿರೋದು ಬಹುತೇಕ ಸಿ ಉಪತಳಿ. ಆಫ್ರಿಕಾದ ದಕ್ಷಿಣ ಭಾಗದಲ್ಲೂ ಅದೇ. ಜಗತ್ತಿನ ಸೋಂಕುಗಳಲ್ಲಿ ಹತ್ತಿರ ಹತ್ತಿರ ಅರ್ಧ ಸಿ. ಆದ್ರೂ ಟೆಕ್ಸ್ಟ್‌ಬುಕ್ಕಿನ ಚಿತ್ರದಲ್ಲಿರೋ ವೈರಸ್ಸು ಬಿ.

ನಮ್ಮ ವೈರಸ್ಸನ್ನ ನಮ್ಮ ವೈರಸ್ಸು ಅಂತಲೇ ನೋಡಿದ ಒಂದು ಲ್ಯಾಬು ಬೆಂಗಳೂರಿನ ಜಕ್ಕೂರಿನಲ್ಲಿದೆ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಉದಯಕುಮಾರ್ ರಂಗ ಅವರ ತಂಡ ಸಿ ತಳಿಯ ಟ್ಯಾಟನ್ನ ಅಕ್ಷರ ಅಕ್ಷರ ಬಿಡಿಸಿ ನೋಡಿದೆ. ಬಿ ತಳಿಯ ಟ್ಯಾಟಿನಲ್ಲಿ 30 ಮತ್ತು 31ನೇ ಜಾಗದಲ್ಲಿ ಎರಡು ಸಿಸ್ಟೀನ್ ಪಕ್ಕಪಕ್ಕ ಇರುತ್ತವೆ. ಸಿ ತಳಿಯಲ್ಲಿ 31ನೇದು ಸಾಮಾನ್ಯವಾಗಿ ಸೆರೀನ್. ಎರಡಕ್ಕೂ ಇರೋ ವ್ಯತ್ಯಾಸ ಒಂದೇ ಪರಮಾಣು, ಗಂಧಕದ ಜಾಗದಲ್ಲಿ ಆಮ್ಲಜನಕ. ಅಷ್ಟಕ್ಕೇ ಸಿ ತಳಿಯ ಟ್ಯಾಟಿಗೆ ಮೊನೋಸೈಟ್ ಅನ್ನೋ ಇನ್ನೊಂದು ಜಾತಿಯ ರೋಗನಿರೋಧಕ ಕೋಶಗಳನ್ನ ತನ್ನತ್ತ ಎಳೆಯೋ ಶಕ್ತಿ ಕುಂದುತ್ತೆ ಅಂತ 2004ರಲ್ಲಿ ಈ ತಂಡ ತೋರಿಸಿತು. ಆ ಕೋಶಗಳು ಮಿದುಳಿಗೆ ನುಗ್ಗೋದು ಎಚ್.ಐ.ವಿ.ಯಿಂದ ಬರೋ ಮರೆವಿನ ಕಾಯಿಲೆಗೆ ಒಂದು ದಾರಿ. ನರಕೋಶಗಳ ಮೇಲೆ ಎರಡೂ ಟ್ಯಾಟುಗಳನ್ನ ಹಾಕಿ ನೋಡಿದಾಗಲೂ ಸಿ ತಳಿಯದರ ಹಾನಿ ಕಡಿಮೆ ಅಂತ 2008ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು.

ಈ ಒಳ್ಳೇ ಸುದ್ದಿಯ ಪಕ್ಕದಲ್ಲೇ ಇನ್ನೊಂದಿದೆ. ಟ್ಯಾಟ್ ಹುಟ್ಟೋಕೆ ಮುಂಚೆ ಮೊದಲ ಒಂದೆರಡು ಬಸ್ಸು ಅಪ್ಪಿತಪ್ಪಿ ಹೊರಡಬೇಕು ಅಂದ್ವಲ್ಲ, ಅದು ಪೂರ್ತಿ ಅಪ್ಪಿತಪ್ಪಿ ಅಲ್ಲ. ರೋಗನಿರೋಧಕ ಕೋಶದಲ್ಲಿ ಎನ್.ಎಫ್. ಕಪ್ಪಾ ಬಿ ಅನ್ನೋ ಪ್ರೋಟೀನು ಇದೆ. ಸೋಂಕಿನ ಸುಳಿವು ಸಿಕ್ಕ ಕೂಡಲೇ ಎದ್ದು ಹೋರಾಟದ ಜೀನುಗಳನ್ನ ಎಬ್ಬಿಸೋ ಸೈರನ್ ಅದು. ಎಚ್.ಐ.ವಿ. ತನ್ನ ಜೀನುಗಳ ಶುರುವಿನಲ್ಲಿ ಈ ಸೈರನ್ನಿಗೆ ಪ್ಲಗ್ ಪಾಯಿಂಟ್ ಇಟ್ಕೊಂಡಿದೆ. ನಾವು ಹೋರಾಡೋಕೆ ಎದ್ದ ಗದ್ದಲದಲ್ಲೇ ಅದೂ ಎದ್ದೇಳುತ್ತೆ. ಬಿ ತಳಿಯಲ್ಲಿ ಇಂಥ ಎರಡು ಪಾಯಿಂಟು, ಸಿ ತಳಿಯಲ್ಲಿ ಮೂರು. ಭಾರತದಲ್ಲಿ ನಾಲ್ಕಿರೋ ವೈರಸ್ಸುಗಳು ಸಿಗ್ತಿವೆ, ಹತ್ತು ವರ್ಷದಷ್ಟು ಕಡಿಮೆ ಅವಧಿಯಲ್ಲಿ ಅವುಗಳ ಪಾಲು ಏರಿದೆ, ಮೂರಿರೋದಕ್ಕಿಂತ ಅವು ಜೋರಾಗಿ ಓಡುತ್ತವೆ ಅಂತ ಜಕ್ಕೂರಿನ ತಂಡ 2012ರಲ್ಲಿ ಪ್ರಕಟಿಸಿತು. ನಮ್ಮ ರಾಮನಗರದಿಂದ ಜಕ್ಕೂರಿಗೆ ಅರ್ಧ ದಿನದ ಪ್ರಯಾಣವೂ ಇಲ್ಲ. ಇದು ನಮಗೆ ಗೊತ್ತಾಗಿದ್ದು ಮಾತ್ರ ಮೊಬೈಲಿನಲ್ಲಿ ಒಂದು ಅಮೆರಿಕನ್ ಜರ್ನಲ್ ಮೂಲಕ.

ಇದನ್ನೂ ಅವರಿಗೆ ಹೇಳಿದ್ವಿ. "ನಮ್ಮ ದೇಶದ್ದೇ ಬೇರೆ ಜಾತಿ ಅಂದ್ರೆ ಮಾತ್ರೆನೂ ಬೇರೆ ಬೇಕಾ?" ಅಂತ ಕೂಡಲೇ ಕೇಳಿದ್ರು. ಇಲ್ಲ, ಈ ಮಾತ್ರೆ ಎರಡಕ್ಕೂ ಕೆಲಸ ಮಾಡುತ್ತೆ ಅಂದಾಗ ಮುಖ ಸಡಿಲ ಆಯ್ತು. ಟ್ಯಾಟನ್ನೇ ಹಿಡಿಯೋ ಔಷಧಿ ಯಾರೂ ಹುಡುಕ್ತಾ ಇಲ್ವಾ ಅಂದ್ರು. ಹುಡುಕ್ತಿದ್ದಾರೆ. ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಒಂದು ರಾಸಾಯನಿಕದ ಆಧಾರದ ಮೇಲೆ ಮಾಡಿದ ವಸ್ತುವೊಂದು ಟ್ಯಾಟನ್ನ ಕಟ್ಟಿಹಾಕುತ್ತೆ ಅಂತ 2012ರಲ್ಲಿ ಫ್ಲೋರಿಡಾದ ಸುಸಾನಾ ವ್ಯಾಲೆಂಟೆ ತಂಡ ತೋರಿಸಿತು. ಮಲಗಿರೋ ವೈರಸ್ಸನ್ನ ಎಬ್ಬಿಸಿ ಕೊಲ್ಲೋದರ ಬದಲು ಏಳದ ಹಾಗೆ ಬೀಗ ಹಾಕಿಬಿಡೋದು ಅದರ ಹಿಂದಿನ ಯೋಚನೆ. ಮನುಷ್ಯನ ರೋಗನಿರೋಧಕ ಕೋಶ ತುಂಬಿದ ಇಲಿಗಳಲ್ಲಿ, ಮಾತ್ರೆ ನಿಲ್ಲಿಸಿದ ಮೇಲೆ ವೈರಸ್ ಮರಳೋದನ್ನ ಅದು ತಡ ಮಾಡಿದೆ. ಮನುಷ್ಯರಿಗೆ ಇನ್ನೂ ಬಂದಿಲ್ಲ.

"ಸಮುದ್ರದ್ದಾ?" ಅಂದ್ರು. "ನಮ್ ಕಡೆ ಇರೋದು ಅರ್ಕಾವತಿ. ಅದ್ರಲ್ಲಿ ಸ್ಪಂಜು ಎಲ್ಲಿ ಬರ್ಬೇಕು." ಆಮೇಲೆ ಗೋಡೆ ಗಡಿಯಾರ ನೋಡಿ, "ಒಂಬತ್ತಾಯ್ತು, ನೀರ್ ಕೊಡ್ರೋ," ಅಂದ್ರು. ನಮ್ಮಲ್ಲೊಬ್ಬರು ಎದ್ದು ಹೋಗಿ ಕೈಗೆ ಸಿಕ್ಕಿದ ಲೋಟದಲ್ಲಿ ತಂದುಕೊಟ್ಟರು.